ಕೈಗೆಟುಕದ ಸೋರಿಕೆ

ಮಿರಗ ಕೂಡಲು ಇನ್ನು ಎಂಟು ದಿನಗಳಿದ್ದವು. ನಿಲಂಗಾದ ಹತ್ತಿರದ ಅಕ್ಕನ ಊರಿಗೆ ಹೋಗಿದ್ದ ನಾನು ಬೆಳಗಿನ ಚಹಾ ಮುಗಿಸಿ ಹೊಲದ ಕಡೆಗೆ ನಡೆದಾಗ ಅಳಿಯನು ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದನು. ಅವನ ಸಣ್ಣ ಟ್ರ್ಯಾಕ್ಟರಿನ ಹಿಂಬದಿಗೆ ಮಣ್ಣು ಅಗೆಯುವ ಕಬ್ಬಿಣದ ತೋಳೊಂದು ಜೋಡಿಸಿದೆ. ತಯಾರಿಸಿದವರು ಅದನ್ನು ಬ್ಯಾಕ್‌ಹೋ ಎಂದು ಕರೆದರೂ ನಮ್ಮ ಸೀಮೆಯಲ್ಲಿ ಅಗೆಯುವ ಯಂತ್ರವೆಲ್ಲ ಜೆಸಿಬಿಯೇ. ಇದು ಮರಿ ಜೆಸಿಬಿ. ಉಮರ್ಗಾದಿಂದ ಉದಗೀರದವರೆಗಿನ ಕರಿಮಣ್ಣಿನ ಹೊಲಗಳಲ್ಲಿ ನೀರಿನ ಪೈಪು ಹೂಳುವುದಕ್ಕೆ, ಬದು ಹಾಕುವುದಕ್ಕೆ, ಹಳ್ಳದ ಹೂಳು ತೆಗೆಯುವುದಕ್ಕೆ ಬೇಸಿಗೆಯಲ್ಲಿ ಇಂಥ ಯಂತ್ರಗಳಿಗೆ ಬಿಡುವೇ ಇಲ್ಲ. 2016ರಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದುದನ್ನು ಕಂಡವರಿಗೆ ಈ ಅವಸರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಳೆ ಬಿದ್ದರೆ ಸಾಕು, ಈ ಮಣ್ಣು ಗಾಲಿಯನ್ನು ಹಿಡಿದುಕೊಂಡು ಬಿಡುತ್ತದೆ.

ಮೂರು ದಿನಗಳಿಂದ ಯಂತ್ರದ ಎಣ್ಣೆ ಸೋರುತ್ತಿತ್ತು. ನೆಲದ ಮೇಲೆ ಅಂಗೈಯಗಲದ ಕಲೆ. ಆದರೆ ಮೂಲ ಮಾತ್ರ ಕಾಣದು. ಸೆಕೆಂಡಿಗೆ ಒಂದೇ ಹನಿ ಎಂದು ಹಿಡಿದರೂ ಹತ್ತು ತಾಸಿನಲ್ಲಿ 36,000 ಹನಿಗಳಾಗುತ್ತವೆ, ಅಂದರೆ ಸುಮಾರು ಎರಡು ಲೀಟರು. ಅಳಿಯನು ಡಬ್ಬಿಯ ಮೇಲೆ ಡಬ್ಬಿ ಸುರಿದು ಬೇಸತ್ತಿದ್ದನು.

"ಮಾಮಾ, ಸೀಟಿನ ಕೆಳಗ ವಾಲ್ವಿನ ಹಿಂದ ಎಲ್ಲೋ ಅದ. ಕಣ್ಣಿಗಿ ಬೀಳವಲ್ದು. ಕೈ ಹಾಕಿ ಸವರಿ ನೋಡ್ತೀನಿ, ನೀವು ಎಂಜಿನ್ ಚಾಲೂ ಮಾಡ್ರಿ" ಎಂದನು.

ನಾನು ಚಾವಿಯ ಮೇಲೆ ಕೈಯಿಟ್ಟೇಬಿಟ್ಟಿದ್ದೆನು. ಅಷ್ಟರಲ್ಲಿ ಅಕ್ಕನು ಹೇಳಿಕಳಿಸಿದ್ದ ಉಮರ್ಗಾದ ಮಿಸ್ತ್ರಿ ಬದುವಿನ ಮೇಲಿನಿಂದಲೇ ಕೂಗಿದರು: "ತಮ್ಮಾ, ಕೈ ಹೊರಗ ತಗಿ! ಸಾಹೇಬ್ರ, ಚಾವಿ ಮುಟ್ಟಬ್ಯಾಡ್ರಿ!"

ಹತ್ತಿರ ಬಂದವರು ಏನೂ ಹೇಳದೆ ತಮ್ಮ ಎಡಗೈಯನ್ನು ಚಾಚಿದರು. ತೋರುಬೆರಳು ಇರಲಿಲ್ಲ. ಹರೆಯದಲ್ಲಿ ಹೀಗೆಯೇ ಸೋರುವ ಪೈಪನ್ನು ಸವರಿದ್ದರಂತೆ. ಸೂಜಿ ಚುಚ್ಚಿದಂತಾಯಿತು, ರಕ್ತವೂ ಬರಲಿಲ್ಲ. ಅರಿಸಿನ ಹಚ್ಚಿ ಸಂಜೆಯವರೆಗೆ ಕೆಲಸ ಮಾಡಿದರು. ರಾತ್ರಿ ಬೆರಳು ಬಾತು ನಿದ್ದೆಗೆಡಿಸಿತು. ಮರುದಿನ ಸಣ್ಣ ದವಾಖಾನೆಯೊಂದರಲ್ಲಿ ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸಿದರು. ಮೂರನೆಯ ದಿನ ಬೆರಳು ಕಪ್ಪಾಗಿತ್ತು.

ಇದು ಹೇಗಾಗುತ್ತದೆ ಎಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಇಂಥ ಯಂತ್ರದ ಪೈಪುಗಳೊಳಗಿನ ಎಣ್ಣೆಯ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 150ರಿಂದ 200 ಕಿಲೋ ಇರುತ್ತದೆ. ಕಾರಿನ ಗಾಲಿಯಲ್ಲಿರುವುದು ಎರಡು ಕಿಲೋದಷ್ಟು. ಕೂದಲೆಳೆಯಷ್ಟು ರಂಧ್ರದಿಂದ ಹೊಮ್ಮುವ ಆ ಧಾರೆಯು ಕಣ್ಣಿಗೂ ಕಾಣಿಸದೆ ತೊಗಲನ್ನು ತೂರಿ ಒಳಗಿನ ನರ ಸ್ನಾಯುಗಳ ಸಂದಿಯಲ್ಲಿ ಹರಡಿಕೊಳ್ಳುತ್ತದೆ. ಮೇಲಿನ ಗಾಯ ಒಂದು ಚುಕ್ಕೆ, ಒಳಗಿನದು ಬೇರೆ. ಡೀಸೆಲ್ ಎಂಜಿನ್ನಿನ ಎಣ್ಣೆ ಹೀಗೆ ಮೈಯೊಳಗೆ ನುಗ್ಗಿದ ಪ್ರಸಂಗವನ್ನು ಅಮೇರಿಕದ ವೈದ್ಯಕೀಯ ಪತ್ರಿಕೆಯೊಂದು 1937ರಲ್ಲಿಯೇ ಪ್ರಕಟಿಸಿದೆ. ಇದಕ್ಕೆ ಮುಲಾಮು ಮದ್ದಲ್ಲ. ನೋವಿಲ್ಲದಿದ್ದರೂ ಆ ಗಳಿಗೆಯಲ್ಲಿಯೇ ಶಸ್ತ್ರವೈದ್ಯರಿರುವ ದೊಡ್ಡ ಆಸ್ಪತ್ರೆಗೆ ಹೋಗಿ, "ಒತ್ತಡದ ಎಣ್ಣೆ ಒಳಗೆ ಹೋಗಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಎಣ್ಣೆಯ ಡಬ್ಬಿಯನ್ನೂ ಒಯ್ಯಬೇಕು. ತಾಸುಗಳ ಲೆಕ್ಕದ ಮೇಲೆ ಬೆರಳು ಉಳಿಯುತ್ತದೆ, ಇಲ್ಲವೆ ಹೋಗುತ್ತದೆ.

ಮಿಸ್ತ್ರಿಯವರು ಮೊದಲು ಯಂತ್ರದ ತೋಳನ್ನೂ ಎರಡೂ ಬದಿಯ ಜಾಕುಗಳನ್ನೂ ನೆಲಕ್ಕೆ ಊರಿಸಿದರು. ಎಂಜಿನ್ ನಿಲ್ಲಿಸಿ, ಪ್ರತಿಯೊಂದು ಹಿಡಿಯನ್ನೂ ಆಚೆ ಈಚೆ ನಾಲ್ಕಾರು ಸಲ ಆಡಿಸಿದರು. ಎಂಜಿನ್ ನಿಂತರೂ ಎತ್ತಿಹಿಡಿದ ತೋಳಿನ ಭಾರವು ಪೈಪಿನಲ್ಲಿ ಒತ್ತಡವನ್ನು ಉಳಿಸಿಕೊಂಡಿರುತ್ತದೆಯಂತೆ. ಆಮೇಲೆ ಸೀಟಿನಡಿಯ ತಗಡನ್ನು ಬಿಚ್ಚಿ, ಮೂರು ದಿನಗಳ ಎಣ್ಣೆಯೂ ಕರಿಮಣ್ಣೂ ಕೂಡಿ ಹತ್ತಿದ್ದ ಜಿಡ್ಡನ್ನೆಲ್ಲ ಸಾಬೂನಿನ ನೀರಿನಿಂದ ತೊಳೆಸಿದರು. ಎಣ್ಣೆಯು ಪೈಪಿನ ಮೈಗುಂಟ ಇಳಿದು ಎಲ್ಲಿಯೋ ತೊಟ್ಟಿಕ್ಕುವುದರಿಂದ ಹನಿ ಬೀಳುವ ಸ್ಥಳವೇ ಸೋರುವ ಸ್ಥಳವೆಂದು ನಂಬಲಾಗದು. ಎಲ್ಲವೂ ಒಣಗಿದ ಮೇಲೆ "ಅಕ್ಕಾವ್ರ, ಮಾರಿಗಿ ಹಚ್ಚೋ ಪೌಡರ್ ಇದ್ರ ಕೊಡ್ರಿ" ಎಂದರು. ಅಕ್ಕನು ನಗುತ್ತ ತಂದುಕೊಟ್ಟ ಡಬ್ಬಿಯಲ್ಲಿ ಅರ್ಧವನ್ನು ಆ ಸಂದಿಗೆ ಊದಿದರು.

ಎಲ್ಲರನ್ನೂ ದೂರ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಸೀಟಿನ ಮೇಲೆ ಕುಳಿತು ತೋಳನ್ನು ಸ್ವಲ್ಪ ಆಡಿಸಿ, ಮತ್ತೆ ನಿಲ್ಲಿಸಿ, ಮತ್ತೆ ಒತ್ತಡ ಇಳಿಸಿ, ಕೋಲಿಗೆ ಕಟ್ಟಿದ ಕ್ಷೌರದ ಕನ್ನಡಿಯನ್ನು ಒಳಕ್ಕೆ ಬಿಟ್ಟರು. ಬಿಳಿಯ ಪುಡಿಯ ಮೇಲೆ ಒದ್ದೆಯ ಗೆರೆಯೊಂದು ವಾಲ್ವಿನ ಹಿಂಬದಿಯ ನಟ್ಟಿನಿಂದ ಹೊರಟಿತ್ತು. ತೋಳನ್ನು ಎಡಬಲಕ್ಕೆ ಹೊರಳಿಸುವ ಸಿಲಿಂಡರಿಗೆ ಹೋಗುವ ಪೈಪು ಅದು. ಯಂತ್ರ ನಡೆಯುತ್ತಿರುವಾಗಲೇ ನೋಡುವ ಪ್ರಸಂಗ ಬಂದರೆ ಉದ್ದ ಕೋಲಿನ ತುದಿಗೆ ರಟ್ಟಿನ ತುಂಡನ್ನು ಕಟ್ಟಿ ಹಿಡಿಯಬೇಕಂತೆ.

ಆ ನಟ್ಟಿಗೆ ಪಾನಾ ಹಾಕಲು ಎಡೆಯಿರಲಿಲ್ಲ. ಮುಂದಿದ್ದ ಮೂರು ಪೈಪುಗಳನ್ನು ಬಿಚ್ಚಲೇಬೇಕಾಯಿತು. ಮರಳಿ ಜೋಡಿಸುವಾಗ ಅದಲುಬದಲಾದರೆ ಎಡಕ್ಕೆ ಎಳೆದ ಹಿಡಿ ತೋಳನ್ನು ಬಲಕ್ಕೆ ಒಯ್ಯುತ್ತದೆ. ಪಕ್ಕದಲ್ಲಿ ನಿಂತವನ ಗತಿಯೇನು? ಅಕ್ಕನ ಹೊಲಿಗೆಯ ಪೆಟ್ಟಿಗೆಯಿಂದ ಕೆಂಪು, ಹಳದಿ, ಹಸಿರು ದಾರಗಳು ಬಂದವು; ಪ್ರತಿ ಪೈಪಿಗೂ ಅದು ಕೂಡುವ ಬಾಯಿಗೂ ಒಂದೇ ಬಣ್ಣ ಕಟ್ಟಿದರು. ತೆರೆದ ಬಾಯಿಗಳನ್ನು ಶುಚಿಯಾದ ಪ್ಲಾಸ್ಟಿಕ್ಕಿನಿಂದ ಮುಚ್ಚಿದರು, ಏಕೆಂದರೆ ಒಂದು ಚಿಟಿಕೆ ಧೂಳು ವಾಲ್ವನ್ನೇ ಕೆಡಿಸುತ್ತದೆ. ತಾವೇ ಕೊಯ್ದು ಗಿಡ್ಡ ಮಾಡಿಕೊಂಡಿದ್ದ ಪಾನಾದಿಂದ ನಟ್ಟನ್ನು ತಿರುಗಿಸುವಾಗ ಇನ್ನೊಂದು ಪಾನಾದಿಂದ ಹಿಂದಿನ ಭಾಗವನ್ನು ಅಲುಗದಂತೆ ಹಿಡಿದಿದ್ದರು.

ಒಳಗಿಂದ ಹೊರಬಂದುದು ಉಂಗುರದಷ್ಟು ಸಣ್ಣ ರಬ್ಬರಿನ ಓ-ರಿಂಗು. ಕಾವಿಗೆ ಕಲ್ಲಾಗಿ ಒಂದು ಕಡೆ ಸೀಳಿತ್ತು. "ಟೇಪ್ ಸುತ್ತೂಣೇನ್ರಿ ಕಾಕಾ?" ಎಂದು ಅಳಿಯನು ಕೇಳಿದನು. "ಅದು ನಳದ ಕೆಲಸ, ತಮ್ಮಾ" ಎಂದರು ಮಿಸ್ತ್ರಿ. ಈ ಜೋಡಣೆಯಲ್ಲಿ ಎಣ್ಣೆಯನ್ನು ತಡೆಯುವುದು ಮರೆಯಲ್ಲ, ಉಂಗುರ. ಟೇಪಿನ ಚೂರು ಒಳಸೇರಿದರೆ ವಾಲ್ವು ಕಚ್ಚಿಕೊಳ್ಳುತ್ತದೆ.

ದ್ರವದ ಒತ್ತಡದಿಂದ ಭಾರವೆತ್ತುವ ಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹಕ್ಕುಪತ್ರ ಪಡೆದಾಗಲೂ ಅವನನ್ನು ಕಾಡಿದ್ದು ಸೋರಿಕೆಯೇ. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೆ ಎಂಬ ಕುಶಲಕರ್ಮಿ, ಒತ್ತಡ ಏರಿದಷ್ಟೂ ಬಿಗಿಯುವ ತೊಗಲಿನ ಬಳೆಯನ್ನು ಕಂಡುಹಿಡಿದನೆಂದು ಹೇಳುತ್ತಾರೆ. ಮೋಟಿನ ತೊಗಲಚೀಲಕ್ಕೆ ತೇಪೆ ಹಾಕುತ್ತಿದ್ದ ನಮ್ಮ ಅಜ್ಜಂದಿರಿಗೆ ಅವನ ಕಷ್ಟ ತಿಳಿಯುತ್ತಿತ್ತು. ರಬ್ಬರಿನ ಓ-ರಿಂಗು ಬಂದುದು ಬಹಳ ತಡವಾಗಿ. ಡೆನ್ಮಾರ್ಕಿನಿಂದ ಅಮೇರಿಕಕ್ಕೆ ವಲಸೆ ಹೋಗಿದ್ದ ನೀಲ್ಸ್ ಕ್ರಿಸ್ಟೆನ್ಸೆನ್ನನಿಗೆ ಅದರ ಹಕ್ಕುಪತ್ರ ದೊರೆತದ್ದು 1939ರಲ್ಲಿ.

ಅಳತೆ ತಾಳೆ ನೋಡಿ ತಂದ ಹೊಸ ಉಂಗುರಕ್ಕೆ ಅದೇ ಎಣ್ಣೆಯನ್ನು ಸವರಿ ಕೂಡಿಸಿದರು. ಬಿಚ್ಚಿದ ಉಳಿದ ಮೂರು ಬಾಯಿಗಳ ಉಂಗುರಗಳನ್ನೂ ಬದಲಿಸಿದರು, ಅಳಿಯನು ದುಡ್ಡಿನ ಲೆಕ್ಕ ತೆಗೆದಾಗ "ಮತ್ತ ಬಿಚ್ಚಾಕ ಬಂದ್ರ ದಿನಗೂಲಿ ಕೊಡ್ತಿಯೇನು?" ಎಂದು ಗದರಿದರು. ದಾರ ನೋಡಿ ಪೈಪು ಜೋಡಿಸಿ, ಒಳಸೇರಿದ ಗಾಳಿ ಹೋಗುವಂತೆ ತೋಳನ್ನು ನಿಧಾನವಾಗಿ ಕೊನೆಯಿಂದ ಕೊನೆಗೆ ಆಡಿಸಿ, ಯಂತ್ರದ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ತುಂಬಿಸಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ತಾಸು ನಡೆಸಿ ನೋಡಿದಾಗ ರಟ್ಟು ಒಣಗಿಯೇ ಇತ್ತು.

ಪೈಪಿನ ಕಾಲುವೆ ಮಿರಗಕ್ಕೆ ಎರಡು ದಿನ ಮೊದಲೇ ಮುಗಿಯಿತು. ದಾರಗಳನ್ನು ಬಿಚ್ಚಬಾರದೆಂದು ಮಿಸ್ತ್ರಿ ಹೇಳಿಹೋಗಿದ್ದಾರೆ. ಅಕ್ಕನು ಮಾತ್ರ, ನಾನು ಚಾವಿಯ ಮೇಲೆ ಕೈಯಿಟ್ಟಿದ್ದ ಸಂಗತಿಯನ್ನು ಬಂದಬಂದ ಬೀಗರಿಗೆಲ್ಲ ಹೇಳುತ್ತಿದ್ದಾಳೆ.