ಕೊಳ್ಳುವ ಸೇರು, ಕೊಡುವ ಸೇರು

ವಿದ್ಯಾವಂತರು ನಾಲ್ವರು ಕಲೆತಲ್ಲಿ ಒಂದು ಮಾತು ಈಗ ಬಹು ಸುಲಭವಾಗಿ ಹೊರಬೀಳುತ್ತದೆ: ಕ್ರೈಸ್ತರ ಧರ್ಮಗ್ರಂಥಕ್ಕೆ ಇತಿಹಾಸದ ಆಧಾರವೇನೂ ಇಲ್ಲ, ಯೇಸುವಿನ ತರುವಾಯ ಮುನ್ನೂರು ವರ್ಷಗಳಾದ ಮೇಲೆ ರೋಮಿನ ಚಕ್ರವರ್ತಿಯೊಬ್ಬ ಕೂಡಿಸಿ ಕಟ್ಟಿಸಿದ ಕಥೆ ಅದು. ಕೃಷ್ಣೆಯ ದಡದ ನಮ್ಮ ದೇವಸುಗೂರಿನಲ್ಲಿ ಈಚೆಗೆ ನಡೆದ ಒಂದು ಸಣ್ಣ ಸಾಹಿತ್ಯಕೂಟದಲ್ಲಿಯೂ ಈ ಮಾತು ಬಂತು. ಹೇಳಿದವರು ಓದಿಕೊಂಡವರೇ. ಕೇಳಿದವರು ತಲೆದೂಗಿದರು. ಆಧಾರವೇನೆಂದು ಯಾರೂ ಕೇಳಲಿಲ್ಲ. ಅದೇ ಮಹನೀಯರು ಅರ್ಧ ಗಂಟೆಯ ಹಿಂದೆ, ಬಸವಪುರಾಣವನ್ನು ಇತಿಹಾಸದ ಆಕರವಾಗಿ ಹೇಗೆ ಬಳಸಿಕೊಳ್ಳಬೇಕೆಂಬುದನ್ನು ಬಹು ಸೊಗಸಾಗಿ ವಿವರಿಸಿದ್ದರು.

ನಾನು ಕ್ರೈಸ್ತನಲ್ಲ. ಆ ಗ್ರಂಥ ದೇವವಾಣಿಯೆಂದು ಯಾರನ್ನೂ ಒಪ್ಪಿಸುವ ಹೊಣೆ ನನ್ನದಲ್ಲ. ನಾನು ಕನ್ನಡ ಪಾಠ ಹೇಳುವವನು. ಓಲೆಗರಿ, ಪಾಠಾಂತರ, ಶಾಸನ, ಕಾಲನಿರ್ಣಯ ಇವು ನನ್ನ ಕಸುಬಿನ ಸಾಮಗ್ರಿ. ಆ ಕಸುಬಿನ ನ್ಯಾಯವನ್ನು ಹಿಡಿದೇ ನನ್ನ ತಕರಾರು. ರಾಯಚೂರಿನ ಪೇಟೆಯಲ್ಲಿ ಸೇರು ಹೋಗಿ ಕಿಲೋ ಬಂದು ಬಹುಕಾಲವಾಯಿತು. ಆದರೆ ಕೊಳ್ಳುವುದಕ್ಕೊಂದು ಸೇರು, ಕೊಡುವುದಕ್ಕೊಂದು ಸೇರು ಇಟ್ಟುಕೊಳ್ಳುವ ವ್ಯಾಪಾರಿಯ ಬುದ್ಧಿ ನಮ್ಮ ವಿದ್ವತ್ತಿನಿಂದ ಇನ್ನೂ ಹೋಗಿಲ್ಲ.

ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ಮೊದಲು ಮಾಡೋಣ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ, ದೇಶದುದ್ದಕ್ಕೂ ಬಂಡೆಗಳ ಮೇಲೆ ಮಾತಾಡುತ್ತಿದ್ದ ದೊರೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದು ಗೊತ್ತಾಯಿತು. ಆದರೆ ಆ ದೊರೆ ಯಾರು? ಉತ್ತರ ಬಂದುದು ಕಲ್ಲಿನಿಂದಲ್ಲ, ಪುಸ್ತಕದಿಂದ. ಸಿಂಹಳದ ಪಾಳಿ ವಂಶಕಥೆಗಳನ್ನು ಓದಿದ್ದ ಜಾರ್ಜ್ ಟರ್ನರ್, ಈ ಪ್ರಿಯದರ್ಶಿ ಅಶೋಕನೇ ಎಂದು ತೋರಿಸಿಕೊಟ್ಟ. ಆ ವಂಶಕಥೆಗಳಲ್ಲಿ ಹಳೆಯದಾದ ದೀಪವಂಸ ಈಗಿನ ರೂಪಕ್ಕೆ ಬಂದುದು ಕ್ರಿ. ಶ. ನಾಲ್ಕನೆಯ ಶತಮಾನದ ಸುಮಾರಿಗೆ. ಅಶೋಕ ಬದುಕಿದುದು ಕ್ರಿ. ಪೂ. ಮೂರನೆಯ ಶತಮಾನದಲ್ಲಿ. ನಡುವೆ ಆರುನೂರು ವರ್ಷಗಳ ಅಂತರ. ಮೇಲಾಗಿ, ಅಶೋಕನ ಮಗ ಮಹಿಂದನು ಆಕಾಶಮಾರ್ಗದಲ್ಲಿ ಹಾರಿ ಸಿಂಹಳಕ್ಕೆ ಬಂದನೆಂದು ಆ ಕಥೆಗಳೇ ಹೇಳುತ್ತವೆ. ಹಾರುವ ಭಿಕ್ಷುವಿನ ಕಥೆ ಇದೆಯೆಂದು ವಿದ್ವಾಂಸರು ಪುಸ್ತಕವನ್ನು ಬಿಸುಟರೆ? ಇಲ್ಲ. ಕಥೆಯನ್ನು ಕಥೆಯೆಂದು ಎಣಿಸಿ, ವಾರ್ತೆಯನ್ನು ವಾರ್ತೆಯೆಂದು ಹಿಡಿದರು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ನಮ್ಮ ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನವನ್ನು ಕಂಡ. ಅದರಲ್ಲಿ ದೇವಾನಾಂಪ್ರಿಯನೊಡನೆ ಅಶೋಕನ ಹೆಸರೂ ಸ್ಪಷ್ಟವಾಗಿ ಇದ್ದಿತು. ಎಪ್ಪತ್ತೆಂಟು ವರ್ಷ ಪುಸ್ತಕವನ್ನು ನಂಬಿ ನಿಂತಿದ್ದ ನಿರ್ಣಯವನ್ನು ರಾಯಚೂರು ಜಿಲ್ಲೆಯ ಕಲ್ಲು ಎತ್ತಿಹಿಡಿಯಿತು. ಅದಕ್ಕಾಗಿ ನಾವು ಹೆಮ್ಮೆಪಡುತ್ತೇವೆ, ಪಡತಕ್ಕದ್ದೇ.

ಇನ್ನು ಬಸವಣ್ಣನವರ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ಲೀಟ್ ಎಂಬ ದೊಡ್ಡ ಶಾಸನತಜ್ಞ ಅಬ್ಬಲೂರಿನ ಶಾಸನಗಳಲ್ಲಿ ಏಕಾಂತದ ರಾಮಯ್ಯನನ್ನು ಕಂಡ. ಬಸವಣ್ಣನವರನ್ನು ಸಮಕಾಲೀನ ಶಾಸನಗಳಲ್ಲಿ ಕಾಣಲಿಲ್ಲ. ಪುರಾಣ ಹೇಳುವ ಬಸವಚರಿತೆಯನ್ನು ಸಂದೇಹಿಸಿ, ಹಿರಿಯ ಸ್ಥಾನವನ್ನು ರಾಮಯ್ಯನಿಗೆ ಕೊಟ್ಟ. ಕನ್ನಡಿಗರು ಇದನ್ನು ಒಪ್ಪಲಿಲ್ಲ. ಶಾಸನ ಮೌನವಾಗಿದ್ದ ಮಾತ್ರಕ್ಕೆ ಮನುಷ್ಯ ಇರಲಿಲ್ಲವೆಂದಾಗದು. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಬಾಯಿಂದ ಬಾಯಿಗೆ ಬಂದ ವಚನಗಳು, ಇವೂ ಸಾಕ್ಷ್ಯಗಳೇ ಎಂದು ವಾದಿಸಿದರು. ಆಮೇಲೆ ಹುಕ್ಕೇರಿ ಕಡೆಯ ಅರ್ಜುನವಾಡದ 1260ರ ಶಾಸನ ಬೆಳಕಿಗೆ ಬಂತು. ಅದರಲ್ಲಿ ಸಂಗನಬಸವನ ಹೆಸರಿದೆ. ಬಸವಣ್ಣನವರ ಕಾಲಕ್ಕೂ ಅದಕ್ಕೂ ಸುಮಾರು ತೊಂಬತ್ತು ವರ್ಷ. ಆ ಅಂತರ ನಮಗೆ ಹೆಚ್ಚೆನಿಸಲಿಲ್ಲ. ಶೂನ್ಯಸಂಪಾದನೆ ಸಂಕಲನಗೊಂಡುದು ಹದಿನೈದನೆಯ ಶತಮಾನದಲ್ಲಿ, ಅದೂ ಹೆಚ್ಚೆನಿಸಲಿಲ್ಲ.

ಇದೇ ಸೇರನ್ನು ಕೈಯಲ್ಲಿ ಹಿಡಿದು ಸುವಾರ್ತೆಗಳ ಕಡೆಗೆ ತಿರುಗೋಣ.

ಯೇಸು ಶಿಲುಬೆಗೇರಿದುದು ಕ್ರಿ. ಶ. 30ರ ಆಸುಪಾಸಿನಲ್ಲಿ. ಪೌಲನ ಪತ್ರಗಳು 50ರ ದಶಕದವು. ನಾಲ್ಕು ಸುವಾರ್ತೆಗಳನ್ನು ವಿದ್ವಾಂಸರಲ್ಲಿ ಹೆಚ್ಚಿನವರು ಸುಮಾರು 65ರಿಂದ 100ರೊಳಗೆ ಇಡುತ್ತಾರೆ. ಇವರಲ್ಲಿ ಶ್ರದ್ಧಾಳುಗಳೂ ಉಂಟು, ಏನನ್ನೂ ನಂಬದವರೂ ಉಂಟು. ಅಂದರೆ ಘಟನೆಗೂ ಬರಹಕ್ಕೂ ನಡುವೆ ಮೂವತ್ತೈದರಿಂದ ಎಪ್ಪತ್ತು ವರ್ಷ. ಅರ್ಜುನವಾಡದ ಕಲ್ಲಿನ ಅಂತರಕ್ಕಿಂತ ಇದು ಕಡಿಮೆ. ದೀಪವಂಸದ ಅಂತರಕ್ಕೆ ಹೋಲಿಸುವುದೇ ಬೇಡ.

ಚಕ್ರವರ್ತಿ ಬರೆಯಿಸಿದನೆಂಬ ಮಾತಿಗೆ ಬುಡವೇ ಇಲ್ಲ. ಕಾನ್‌ಸ್ಟಂಟೈನ್ 325ರಲ್ಲಿ ನಿಕೇಯದಲ್ಲಿ ಸಭೆ ಸೇರಿಸಿದ್ದು ನಿಜ. ಅಲ್ಲಿ ನಡೆದುದು ಕ್ರಿಸ್ತನ ಸ್ವರೂಪವನ್ನು ಕುರಿತ ಆರಿಯಸನ ವಾದದ ವಿಚಾರಣೆ, ಈಸ್ಟರ್ ಹಬ್ಬದ ದಿನನಿರ್ಣಯ, ಇಂಥವು. ಆ ಸಭೆಯ ಕಟ್ಟಳೆಗಳಲ್ಲಿ ಗ್ರಂಥಗಳ ಪಟ್ಟಿಯೇ ಇಲ್ಲ. ಅದಕ್ಕೆ ಒಂದೂವರೆ ಶತಮಾನದಷ್ಟು ಹಿಂದೆಯೇ, ಸುಮಾರು 180ರಲ್ಲಿ, ಗಾಲ್ ದೇಶದ ಲಿಯೋನಿನಲ್ಲಿದ್ದ ಇರೆನೇಯಸ್ ಎಂಬ ಧರ್ಮಾಧ್ಯಕ್ಷ ಸುವಾರ್ತೆಗಳು ನಾಲ್ಕೇ ಎಂದು ವಾದಮಾಡಿ ಬರೆದಿದ್ದಾನೆ. ಈಜಿಪ್ಟಿನ ಮರಳಿನಲ್ಲಿ ಉಳಿದು ಬಂದು, ಈಗ ಮ್ಯಾಂಚೆಸ್ಟರಿನ ರೈಲಂಡ್ಸ್ ಗ್ರಂಥಾಲಯದಲ್ಲಿರುವ ಪಪೈರಸ್ ಚೂರೊಂದಿದೆ. ಅಂಗೈಯಗಲವೂ ಇಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಪಿಲಾತನ ಮುಂದೆ ನಿಂತ ಭಾಗದ ಕೆಲವು ಸಾಲುಗಳು ಅದರ ಎರಡು ಬದಿಗಳಲ್ಲಿಯೂ ಇವೆ. 1935ರಲ್ಲಿ ಪ್ರಕಟವಾದಾಗ ಅದನ್ನು ಎರಡನೆಯ ಶತಮಾನದ ಮೊದಲರ್ಧದ್ದೆಂದರು. ಈಗ ಕೆಲವರು ಆ ಶತಮಾನದ ಕೊನೆಯವರೆಗೂ ಅಥವಾ ಇನ್ನೂ ತುಸು ಮುಂದಕ್ಕೂ ಎಳೆಯುತ್ತಾರೆ. ಎಷ್ಟು ಎಳೆದರೂ ಕಾನ್‌ಸ್ಟಂಟೈನ್ ಹುಟ್ಟುವ ಮೊದಲೇ ಆ ಚೂರು ಇತ್ತು. ಹುಟ್ಟದ ಚಕ್ರವರ್ತಿ ಬರೆಯಿಸಿದ ಪುಸ್ತಕವೆಂದರೆ ಪವಾಡಗಳ ಪಟ್ಟಿಗೆ ಅದನ್ನೂ ಸೇರಿಸಬೇಕಾದೀತು!

ಕಾಲ ಹತ್ತಿರದ್ದಾದರೆ ಸಾಲದು, ಲೇಖಕನಿಗೆ ಆ ಕಾಲದ ತಿಳಿವಳಿಕೆ ಇತ್ತೆ ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕನ್ನಡ ಕಾವ್ಯವೊಂದರಲ್ಲಿ ಪೆರ್ಗಡೆ, ನಾಳ್ಗಾವುಂಡ, ದಂಡನಾಯಕ ಮುಂತಾದ ಅಧಿಕಾರಪದಗಳು ಆಯಾ ಕಾಲಕ್ಕೆ, ಆಯಾ ಸೀಮೆಗೆ ಸರಿಯಾಗಿ ಬಂದಿದ್ದರೆ ಕವಿ ಆ ಲೋಕವನ್ನು ಬಲ್ಲವನೆಂದು ನಾವು ತೀರ್ಮಾನಿಸುತ್ತೇವೆ. ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನಿಗೂ ಇದೇ ಪರೀಕ್ಷೆ ನಡೆದಿದೆ. ಥೆಸಲೋನಿಕದ ನಗರಾಧಿಕಾರಿಗಳನ್ನು ಅವನು ‘ಪೊಲಿತಾರ್ಕ’ರೆಂದು ಕರೆದ. ಗ್ರೀಕ್ ಸಾಹಿತ್ಯದಲ್ಲಿ ಕಾಣಸಿಗದ ಪದವದು. ಆಮೇಲೆ ಅದೇ ಊರಿನ ರೋಮನ್ ಹೆಬ್ಬಾಗಿಲಿನ ಶಾಸನದಲ್ಲಿ ಅದೇ ಪದ ದೊರೆಯಿತು. ಆ ಕಲ್ಲು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕೊರಿಂಥದಲ್ಲಿ ಪೌಲನ ಮೇಲಣ ದೂರನ್ನು ಕೇಳಿದವನು ಅಖಾಯದ ಅಧಿಪತಿ ಗಲ್ಲಿಯೋ ಎಂದ. ದೆಲ್ಫಿಯಲ್ಲಿ ಸಿಕ್ಕಿದ ಕ್ಲಾಡಿಯಸ್ ಚಕ್ರವರ್ತಿಯ ಪತ್ರಶಾಸನದಲ್ಲಿ ಆ ಗಲ್ಲಿಯೋ, ಅದೇ ಅಧಿಕಾರದ ಹೆಸರಿನೊಡನೆ, ನಿಂತಿದ್ದಾನೆ. ಅದರಿಂದಲೇ ಪೌಲ ಕೊರಿಂಥದಲ್ಲಿದ್ದುದು 51ರ ಸುಮಾರಿಗೆ ಎಂಬುದು ಗೊತ್ತಾಯಿತು. ಯೋಹಾನ ಹೇಳಿದ ಬೆಥೆಸ್ದ ಕೊಳದ ಐದು ಮಂಟಪಗಳನ್ನು ಕೆಲವರು ಬರಿಯ ಸಂಕೇತವೆಂದಿದ್ದರು. ಯೆರೂಸಲೇಮಿನಲ್ಲಿ ಅಗೆದಾಗ ನಡುಗೋಡೆಯುಳ್ಳ ಜೋಡಿ ಕೊಳವೇ ಕಂಡಿತು: ನಾಲ್ಕು ಬದಿಗೆ ನಾಲ್ಕು, ನಡುವೆ ಒಂದು. ಸಿಲೋವದ ಕೊಳದ ಮೆಟ್ಟಿಲುಗಳು 2004ರಲ್ಲಿ ಕೊಳಚೆನೀರಿನ ಕೊಳವೆ ದುರಸ್ತಿಮಾಡುವಾಗ ಹೊರಬಿದ್ದವು.

ಪಿಲಾತನ ಸಂಗತಿ ಇನ್ನೂ ಸ್ವಾರಸ್ಯವಾದದ್ದು. 1961ರಲ್ಲಿ ಇಟಲಿಯ ಸಂಶೋಧಕರು ಕೈಸರೇಯದ ನಾಟಕಶಾಲೆಯ ಮೆಟ್ಟಿಲಲ್ಲಿ ಮರುಬಳಕೆಯಾಗಿದ್ದ ಕಲ್ಲೊಂದನ್ನು ಎತ್ತಿದರು. ಅದರ ಮೇಲೆ ಪಿಲಾತನ ಹೆಸರೂ ಯೂದಾಯದ ‘ಪ್ರಿಫೆಕ್ಟ್’ ಎಂಬ ಪದವಿಯೂ ಇವೆ. ರೋಮಿನ ಮಹಾ ಇತಿಹಾಸಕಾರ ಟ್ಯಾಸಿಟಸ್, ಸುಮಾರು 116ರಲ್ಲಿ, ಕ್ರಿಸ್ತನಿಗೆ ಪಿಲಾತ ಮರಣದಂಡನೆ ವಿಧಿಸಿದನೆಂದು ಬರೆಯುವಾಗ ಅವನನ್ನು ‘ಪ್ರೊಕ್ಯುರೇಟರ್’ ಎಂದಿದ್ದಾನೆ. ಅದು ಮುಂದಿನ ಕಾಲದಲ್ಲಿ ಬಂದ ಪದವಿ. ಸುವಾರ್ತೆಗಳು ಬರಿದೆ ‘ಅಧಿಪತಿ’ ಎನ್ನುತ್ತವೆ, ತಪ್ಪಿಲ್ಲ. ಈ ಒಂದು ಸ್ಖಾಲಿತ್ಯಕ್ಕಾಗಿ ಟ್ಯಾಸಿಟಸನನ್ನು ಕಟ್ಟುಕಥೆಗಾರನೆಂದವರುಂಟೆ? ಅವನ ಗ್ರಂಥದ ಈ ಭಾಗಕ್ಕೆ ಇರುವ ಹಳೆಯ ಹಸ್ತಪ್ರತಿ ಹನ್ನೊಂದನೆಯ ಶತಮಾನದ್ದು. ಗ್ರೀಕ್ ಹೊಸ ಒಡಂಬಡಿಕೆಗಾದರೋ ತುಂಡು, ಇಡಿ ಎಲ್ಲ ಸೇರಿ ಐದು ಸಾವಿರಕ್ಕೂ ಮೇಲ್ಪಟ್ಟು ಪ್ರತಿಗಳುಂಟು. ಪಂಪಭಾರತವನ್ನು ಬೆರಳೆಣಿಕೆಯ ಓಲೆಪ್ರತಿಗಳಿಂದ ಸಂಪಾದಿಸಿ ಸಂತೋಷಪಟ್ಟ ನಮಗೆ ಈ ಐಶ್ವರ್ಯದ ಬೆಲೆ ತಿಳಿಯಬೇಡವೆ?

ಹಾಗಾದರೆ ಆ ಗ್ರಂಥದಲ್ಲಿ ತೊಡಕುಗಳೇ ಇಲ್ಲವೆ? ಧಾರಾಳವಾಗಿ ಇವೆ. ಯೇಸು ಹುಟ್ಟಿದುದು ಹೆರೋದನ ಕಾಲದಲ್ಲಿ ಎಂಬುದು ಒಂದು ಕಡೆ. ಕುರೇನ್ಯನ ಜನಗಣತಿಯ ಕಾಲದಲ್ಲಿ ಎಂಬುದು ಲೂಕನ ಮಾತು. ಹೆರೋದ ಸತ್ತುದು ಕ್ರಿ. ಪೂ. 4ರಲ್ಲಿ, ಜೊಸೀಫಸ್ ಹೇಳುವ ಆ ಗಣತಿ ನಡೆದುದು ಕ್ರಿ. ಶ. 6ರಲ್ಲಿ. ಈ ಗಂಟನ್ನು ಎಲ್ಲರೂ ಒಪ್ಪುವಂತೆ ಯಾರೂ ಬಿಡಿಸಿಲ್ಲ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳೂ ಯೋಹಾನನಲ್ಲಿ ವ್ಯಭಿಚಾರದ ಆಪಾದನೆಗೆ ಗುರಿಯಾದ ಹೆಂಗಸಿನ ಪ್ರಸಂಗವೂ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಇದನ್ನು ಹೊರಗೆಳೆದವರು ನಾಸ್ತಿಕರೆಂದು ಭಾವಿಸಬೇಡಿ. ಬಹುಪಾಲು ಕ್ರೈಸ್ತ ವಿದ್ವಾಂಸರೇ. ಇಂದಿನ ಮುದ್ರಣಗಳು ಅನೇಕ ಕಡೆ ಆವರಣ ಹಾಕಿ ಇದನ್ನು ಹೇಳುತ್ತವೆ. ನಾವು ಪ್ರಕ್ಷಿಪ್ತ ವಚನಗಳನ್ನು ಬೇರೆಮಾಡುವುದೂ ಹೀಗೆಯೇ ಅಲ್ಲವೆ? ಬಿಜ್ಜಳನ ಮರಣವನ್ನು ಜೈನರು ಒಂದು ಬಗೆಯಾಗಿ, ವೀರಶೈವರು ಇನ್ನೊಂದು ಬಗೆಯಾಗಿ ಹೇಳುತ್ತಾರೆ. ಆ ಕಾರಣದಿಂದ ಬಿಜ್ಜಳನೇ ಇರಲಿಲ್ಲವೆಂದು ಯಾರೂ ಅನ್ನಲಿಲ್ಲ.

ಪವಾಡಗಳ ಮಾತು ಬೇರೆ. ನೀರು ದ್ರಾಕ್ಷಾರಸವಾಯಿತೆ, ಸತ್ತವನು ಎದ್ದನೆ, ಇದನ್ನು ಶಾಸನವಾಗಲಿ ಹಸ್ತಪ್ರತಿಯಾಗಲಿ ತೀರ್ಮಾನಿಸಲಾರದು. ಹಾಗೆ ನಂಬಿದವರು ಅಷ್ಟು ಬೇಗ, ಅಷ್ಟು ದೃಢವಾಗಿ ನಂಬಿದರೆಂಬುದಷ್ಟೇ ಇತಿಹಾಸದ ಪಾಲಿಗೆ ಬರುವ ವಾರ್ತೆ. ಉಳಿದದ್ದು ಅವರವರ ಶ್ರದ್ಧೆ. ಕೊಳ ಸಿಕ್ಕಿತೆಂದು ಪವಾಡವೂ ಸಿದ್ಧವಾಯಿತೆನ್ನುವ ಬೋಧಕನೂ, ಪವಾಡವಿದೆಯೆಂದು ಕೊಳವೂ ಸುಳ್ಳೆನ್ನುವ ವಿಚಾರವಾದಿಯೂ ಒಂದೇ ತಪ್ಪನ್ನು ಎರಡು ಕೊನೆಗಳಿಂದ ಮಾಡುತ್ತಾರೆ.

ನನಗೆ ನಿಜವಾಗಿ ಬೇಸರ ತರುವುದು ಇನ್ನೊಂದು. ನಾಲ್ಕು ಸುವಾರ್ತೆಗಳನ್ನು ಸುಳ್ಳೆಂದು ತಳ್ಳುವ ನಾಲಗೆಯೇ, ಯೇಸು ಯೌವನದಲ್ಲಿ ಭಾರತಕ್ಕೆ ಬಂದು ಓದಿದನೆಂದು ಮರುಗಳಿಗೆಯಲ್ಲಿ ಹೇಳುತ್ತದೆ. ಇದರ ಮೂಲ ಯಾವುದು? 1894ರಲ್ಲಿ ನೊಟೊವಿಚ್ ಎಂಬ ರಷ್ಯನ್ ಪ್ರವಾಸಿ ಬರೆದ ಪುಸ್ತಕ. ಲಡಾಖಿನ ಹೆಮಿಸ್ ಮಠದಲ್ಲಿ ಹಳೆಯ ಓಲೆ ಕಂಡೆನೆಂದ. ಮ್ಯಾಕ್ಸ್ ಮುಲ್ಲರ್ ಅದೇ ವರ್ಷ ಅದನ್ನು ಅಲ್ಲಗಳೆದರು. ಆಗ್ರಾದ ಕಾಲೇಜಿನ ಡಗ್ಲಸ್ ಎಂಬ ಪ್ರಾಧ್ಯಾಪಕರು 1895ರಲ್ಲಿ ಮಠಕ್ಕೇ ಹೋಗಿ ವಿಚಾರಿಸಿದಾಗ, ಅಂಥ ಗ್ರಂಥವೇ ಇಲ್ಲವೆಂದು ಹಿರಿಯ ಲಾಮಾ ಹೇಳಿದರು. ಸ್ವಾಮಿ ಅಭೇದಾನಂದರು 1922ರಲ್ಲಿ ಹೋಗಿ ಬಂದು ಇದೆಯೆಂದು ಬರೆದರಾದರೂ, ಮೂಲಪ್ರತಿಯನ್ನು ಪರೀಕ್ಷೆಗೆ ಇಟ್ಟವರು ಇಂದಿನವರೆಗೂ ಇಲ್ಲ. ಐದು ಸಾವಿರ ಪ್ರತಿಗಳಿರುವುದು ಕಟ್ಟುಕಥೆ, ಒಂದು ಪ್ರತಿಯೂ ಇಲ್ಲದ್ದು ಇತಿಹಾಸ! ಕೊಳ್ಳುವ ಸೇರು ಕೊಡುವ ಸೇರು ಎಂದರೆ ಇದೇ.

ಮಿಷನರಿಗಳು ನಮ್ಮ ಪುರಾಣಗಳನ್ನು ಹಾಸ್ಯಮಾಡಲಿಲ್ಲವೆ ಎಂದು ಕೇಳುವವರುಂಟು. ಮಾಡಿದರು, ಹತ್ತೊಂಬತ್ತನೆಯ ಶತಮಾನದ ಅವರ ಕರಪತ್ರಗಳಲ್ಲಿ ಅನ್ಯಾಯದ ಮಾತುಗಳು ಬೇಕಾದಷ್ಟಿವೆ. ಅದೂ ಎರಡು ಸೇರಿನ ವ್ಯಾಪಾರವೇ. ಆದರೆ ಅವರ ಸುಳ್ಳು ಸೇರನ್ನು ನಾವು ಎರವಲು ತರಬೇಕೆ? ನಮ್ಮ ನೆರೆಯ ಬಳ್ಳಾರಿಯಲ್ಲಿ ಕುಳಿತು ಜಾನ್ ಹ್ಯಾಂಡ್ಸ್ ಮೊದಲಾದವರು 1831ರ ಹೊತ್ತಿಗೆ ಇಡಿಯ ಬೈಬಲ್ಲನ್ನು ಕನ್ನಡಕ್ಕೆ ತಂದರು. ಮಂಗಳೂರಿನಲ್ಲಿ ಮೊಗ್ಲಿಂಗ್ ನಮ್ಮ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದ. ತನ್ನ ಗ್ರಂಥವನ್ನು ಕೊಟ್ಟವನು ನಮ್ಮ ಗ್ರಂಥವನ್ನೂ ಉಳಿಸಿದ ಎಂಬುದು ಮರೆಯುವ ಮಾತಲ್ಲ. ಮುದಗಲ್ಲಿನ ಇಗರ್ಜಿ ಹದಿನಾರನೆಯ ಶತಮಾನದ್ದೆಂದು ಗೆಜೆಟಿಯರು ಹೇಳುತ್ತದೆ. ಇಷ್ಟು ಕಾಲ ನಮ್ಮೊಡನೆ ಬಾಳಿದವರ ಗ್ರಂಥವನ್ನು ಓದದೆ ಸುಳ್ಳೆಂದರೆ, ಅದು ವಿಚಾರವಲ್ಲ. ನೆರೆಯವನ ಮನೆಯ ಮೇಲೆ ಕತ್ತಲಲ್ಲಿ ಎಸೆದ ಕಲ್ಲು.

ಇಷ್ಟರಿಂದ ಬೈಬಲ್ಲಿನ ಪ್ರತಿಯೊಂದು ಸಾಲೂ ಇತಿಹಾಸವೆಂದು ನಾನು ಹೇಳುತ್ತಿಲ್ಲ. ನನ್ನ ಕೋರಿಕೆ ಒಂದೇ. ಲೂಕನ ಎರಡು ಪುಸ್ತಕಗಳು ಕನ್ನಡದಲ್ಲಿ ಸುಲಭವಾಗಿ ದೊರೆಯುತ್ತವೆ. ಓದುವುದಕ್ಕೆ ಎರಡು ಸಂಜೆ ಸಾಕು. ಬಸವಪುರಾಣವನ್ನು ಓದುವಾಗ ಕೇಳುವ ಪ್ರಶ್ನೆಗಳನ್ನೇ ಅವುಗಳಿಗೂ ಕೇಳಿ: ಯಾರು ಬರೆದರು, ಎಷ್ಟು ವರ್ಷಕ್ಕೆ ಬರೆದರು, ಹೊರಗಿನ ಸಾಕ್ಷಿ ಏನಿದೆ, ಪ್ರತಿಗಳು ಎಷ್ಟು ಒಪ್ಪುತ್ತವೆ? ಬಂದ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ ಬರೆಯಿರಿ, ವಾದಿಸಿರಿ; ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಲ್ಲಿಯವರೆಗೆ, ಮಸ್ಕಿಯ ಕಲ್ಲಿಗೆ ಕೈಮುಗಿದು ಕೈಸರೇಯದ ಕಲ್ಲಿಗೆ ಬೆನ್ನು ತಿರುಗಿಸುವುದನ್ನು ವಿದ್ವತ್ತೆಂದು ಕರೆಯಬಾರದು.