ರಸೀದಿ ಕೊಟ್ಟ ಮೇಲೆ ಏನು?

ಬೆಂಗಳೂರಿನ ರಾಜರಾಜೇಶ್ವರಿನಗರದ ಬಡಾವಣೆಗಳಲ್ಲಿ ಗಣೇಶನ ಚಂದಾ ಎತ್ತುವ ಹುಡುಗರ ಒಂದು ಕೈಯಲ್ಲಿ ರಸೀದಿ ಪುಸ್ತಕ, ಇನ್ನೊಂದರಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ 501 ಹಾಕಿದವರಿಗೂ ಕಾರ್ಬನ್ ಇಟ್ಟು ಹೆಸರು ಬರೆದು ಹರಿದುಕೊಡುತ್ತಾರೆ. ಹಬ್ಬದ ಸಂಜೆ ಆ ಹೆಸರು ಮೈಕಿನಲ್ಲಿ ಕೇಳಿಸುತ್ತದೆ. ಚೀಟಿಯ ಹಿಂದೆ ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಸಂಖ್ಯೆ ಅಚ್ಚು ಹಾಕಿಸಿಕೊಂಡ ಎಷ್ಟೋ ಸೇವಾಸಂಸ್ಥೆಗಳು ದಾನಿಗೆ ಇಷ್ಟು ಮರ್ಯಾದೆಯನ್ನೂ ಕೊಡುವುದಿಲ್ಲ.

2016ರಲ್ಲಿ ಯುಪಿಐ ಬಂದ ಮೇಲೆ ಕೇಳುವುದು ಸಲೀಸಾಯಿತು. ಮಾರ್ಚ್ ಬಂತೆಂದರೆ ‘ತೆರಿಗೆ ಉಳಿಯುತ್ತೆ ಸಾರ್’ ಎನ್ನುವ ಫೋನುಗಳು ಶುರು. ಆದರೆ 2023-24ರಿಂದ, ಬೇರೆ ಆರಿಸಿಕೊಳ್ಳದಿದ್ದರೆ ಹೊಸ ತೆರಿಗೆ ಪದ್ಧತಿಯೇ ಅನ್ವಯ. ಅದರಲ್ಲಿ 80ಜಿ ವಿನಾಯಿತಿ ಇಲ್ಲ. ಸಂಬಳದಾರರೇ ತುಂಬಿರುವ ಈ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಆ ಆಸೆ ತೋರಿಸಿ ಇನ್ನೆಷ್ಟು ದಿನ ಹಣ ಹುಟ್ಟೀತು?

80ಜಿ ಇರುವ ಸಂಸ್ಥೆಗಳು 2021-22ರಿಂದ ದಾನಿಗಳ ಹೆಸರು, ಗುರುತಿನ ಸಂಖ್ಯೆಗಳನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ತಪ್ಪಿದರೆ ದಿನಕ್ಕೆ 200 ರೂಪಾಯಿ. ಟ್ರಸ್ಟಿಗಳಿಗೆ ಇದೊಂದು ತಲೆನೋವು. ಆದರೆ ದಾನಿ ಯಾರೆಂದು ಹೇಳುವ ಪಟ್ಟಿಯೂ ಇದೇ. ಹೋದ ವರ್ಷದ್ದನ್ನೂ ಈ ವರ್ಷದ್ದನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟರೆ ಯಾರು ಬಿಟ್ಟುಹೋದರು ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಂಥವರಿಗೆ ಫೋನು ಮಾಡಿ, ಹಣದ ಮಾತೆತ್ತದೆ ವಿಚಾರಿಸುವವರು ಅಪರೂಪ.

ದಾನದಿಂದ ಬೆಳೆದವರೂ ಇದ್ದಾರೆ. ರಾಜಾಜಿನಗರದ ಇಸ್ಕಾನ್‌ನಿಂದ 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಬಡಿಸತೊಡಗಿದ ಅಕ್ಷಯಪಾತ್ರ ಈಗ 20 ಲಕ್ಷ ದಾಟಿದೆ. ಸರ್ಕಾರದ ನೆರವೂ ಇದೆ, ದೊಡ್ಡ ಆಡಳಿತ ವ್ಯವಸ್ಥೆಯೂ ಇದೆ. ಸಣ್ಣ ಆಶ್ರಮಗಳಿಗೆ ಅದನ್ನು ಮಾದರಿಯಾಗಿ ತೋರಿಸುವುದು ನ್ಯಾಯವಲ್ಲ.

ಹೆಚ್ಚು ಕುತೂಹಲದ್ದು ಬೆಂಗಳೂರಿನ ಉನ್ನತಿ ಪ್ರತಿಷ್ಠಾನದ ಪ್ರಯೋಗ. ಯುವಜನರಿಗೆ ಉದ್ಯೋಗ ತರಬೇತಿ ಕೊಡುವ ಈ ಸಂಸ್ಥೆ 2023ರ ಕೊನೆಯಲ್ಲಿ, ಸೇವಾಸಂಸ್ಥೆಗಳು ಹಣ ಎತ್ತುವ ಷೇರುಪೇಟೆಯಾದ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ದೇಶದಲ್ಲೇ ಮೊದಲು ಬಾಂಡ್ ಪಟ್ಟಿ ಮಾಡಿಸಿತು. ಬಡ್ಡಿಯಿಲ್ಲ, ಅಸಲೂ ವಾಪಸಿಲ್ಲ, ಅಂದರೆ ದಾನವೇ. ಆದರೆ ಆ ಹಣದಿಂದ ಏನಾಯಿತೆಂದು ಸಂಸ್ಥೆ ವರ್ಷವರ್ಷವೂ ವರದಿ ಒಪ್ಪಿಸಬೇಕು. ಹಣ ಕೊಟ್ಟವರು ಗೋಗರೆಯದೆಯೇ ಲೆಕ್ಕ ಸಿಗುತ್ತದೆ.

ಪಟ್ಟಣಗೆರೆಯಲ್ಲೋ ಚನ್ನಸಂದ್ರದಲ್ಲೋ ವೃದ್ಧಾಶ್ರಮ ನಡೆಸುವವರಿಗೆ ಷೇರುಪೇಟೆ ದೂರದ ಮಾತು. ಅಕ್ಕಿಗೆಷ್ಟು, ಔಷಧಿಗೆಷ್ಟು, ಆಯಾ ಸಂಬಳಕ್ಕೆಷ್ಟು ಎಂದು ತಿಂಗಳಿಗೊಮ್ಮೆ ಒಂದು ಹಾಳೆ ಬರೆದು ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟಿನಲ್ಲಿ ಹಾಕಿದರೆ 256 ಜನರಿಗೆ ಬಿಟ್ಟಿಯಾಗಿ ಹೋಗುತ್ತದೆ. ಅಜ್ಜಿಯರನ್ನು ಸಾಲಾಗಿ ಕೂರಿಸಿ ಫೋಟೊ ಹೊಡೆಯುವುದೂ ತಪ್ಪುತ್ತದೆ. ಒಂದೇ ತೊಡಕು: ಆಶ್ರಮದ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ಮುಟ್ಟುವುದು, ಆದ್ದರಿಂದ ಮೊದಲು ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿಕೊಳ್ಳಬೇಕು.