ಸೂಟಿಯ ದಿನಗಳಲ್ಲಿ ಸಂಘ

ಬೆಳಗಾವಿ ಸೀಮೆಯಲ್ಲಿ ರಜೆಗೆ ಸೂಟಿಯೆಂದು ಹೆಸರು. ಪರೀಕ್ಷೆಗಳು ಮುಗಿದು ಬೇಸಿಗೆಯ ಸೂಟಿ ಆರಂಭವಾಯಿತೆಂದರೆ, ಖಾನಾಪುರದ ರಸ್ತೆಯಲ್ಲಿ ಮಚ್ಛೆಯ ಹತ್ತಿರವಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಾಗಲಿ, 2010ರಲ್ಲಿ ಭೂತರಾಮನಹಟ್ಟಿಯಲ್ಲಿ ಕಣ್ದೆರೆದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಲಿ, ಹೊರಗಿನಿಂದ ನೋಡುವವರಿಗೆ ನಿದ್ದೆಹೋದಂತೆ ತೋರುತ್ತವೆ. ತೋರುವುದು ಅಷ್ಟೇ. ಒಳಗೆ ಉತ್ತರಪತ್ರಿಕೆಗಳ ಕಟ್ಟುಗಳು ಬಿಚ್ಚುತ್ತಿರುತ್ತವೆ, ಅಂಕಪಟ್ಟಿಗಳು ತಯಾರಾಗುತ್ತಿರುತ್ತವೆ, ಮುಂದಿನ ವರ್ಷದ ಪ್ರವೇಶದ ಕಾಗದಗಳು ಮೇಜಿನಿಂದ ಮೇಜಿಗೆ ನಡೆಯುತ್ತಿರುತ್ತವೆ.

ಒಂದೇ ಸೂರಿನ ಕೆಳಗಿನ ಜನರಿಗೆ ಸೂಟಿ ಒಂದೇ ಬಗೆಯಾಗಿ ಬರುವುದಿಲ್ಲ. ಖಾಯಂ ಅಧ್ಯಾಪಕರಿಗೆ ಅದು ಪಗಾರದೊಡನೆ ಬರುವ ವಿಶ್ರಾಂತಿ. ಗುಮಾಸ್ತರಿಗೆ, ಜವಾನರಿಗೆ, ವಾಹನ ಚಾಲಕರಿಗೆ ಅದು ಬರುವುದೇ ಇಲ್ಲ. ಅತಿಥಿ ಉಪನ್ಯಾಸಕರಿಗೆ ಪಗಾರವನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತದೆ. ಕೆಲವೊಮ್ಮೆ ಹೊರಡುವಾಗ ಕೆಲಸವನ್ನೂ ಕೈಹಿಡಿದು ಕರೆದೊಯ್ಯುತ್ತದೆ. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ದುಡಿದವರನ್ನು ಅತಿಥಿಯೆಂದು ಕರೆಯುವ ಪದ್ಧತಿಯನ್ನು ಯಾವ ನಿಘಂಟುಕಾರನು ಒಪ್ಪಿಯಾನೋ ತಿಳಿಯದು.

ಇಂಥ ಹೊತ್ತಿನಲ್ಲಿಯೇ ನೌಕರರ ಸಂಘವೂ ಕಣ್ಣು ಮುಚ್ಚುತ್ತದೆ. ಕಾರ್ಯದರ್ಶಿ ಮಗಳ ಮದುವೆಯ ಗಡಿಬಿಡಿಯಲ್ಲಿರುತ್ತಾರೆ. ಖಜಾಂಚಿ ಊರಿಗೆ ಹೋಗಿರುತ್ತಾರೆ. ವರ್ಗಣಿಯ ಪುಸ್ತಕ ಕಪಾಟಿನಲ್ಲಿ ಬೀಗದೊಳಗಿರುತ್ತದೆ. ಯಾರಾದರೂ ಸಭೆಯ ಮಾತೆತ್ತಿದರೆ, "ಸೂಟಿ ಮುಗೀಲಿರಿ, ಆಮ್ಯಾಲೆ ಕೂಡೂಣು" ಎಂಬ ಸೌಜನ್ಯದ ಉತ್ತರ ಸಿದ್ಧವಾಗಿರುತ್ತದೆ. ಸಂಘವು ಸೂಟಿ ತೆಗೆದುಕೊಂಡಷ್ಟು ದಿನ ಆಡಳಿತವು ಸೂಟಿ ತೆಗೆದುಕೊಂಡಿರುವುದಿಲ್ಲವೆಂಬುದು ಮಾತ್ರ ಜೂನ್ ತಿಂಗಳ ಹೊಸ ಪಟ್ಟಿಯನ್ನು ನೋಡಿದಾಗಲೇ ಹೊಳೆಯುತ್ತದೆ.

ವಿದ್ಯಾರ್ಥಿನಿಲಯವೊಂದರ ಅಡಿಗೆಯವನನ್ನು ನೆನೆದುಕೊಳ್ಳಬಹುದು. ಹುಡುಗರು ಊರಿಗೆ ಹೋದರು, ಒಲೆ ಆರಿತು. "ಸೂಟಿಯಾಗ ಬರೂದು ಬ್ಯಾಡ, ಹೇಳಿ ಕಳಸ್ತೀವಿ" ಎಂಬಲ್ಲಿಗೆ ಮಾತು ಮುಗಿಯಿತು. ಕೈಗಾರಿಕಾ ವಿವಾದಗಳ ಕಾಯಿದೆಯ ಕಾಲದಿಂದ ಬಂದ ನಿಯಮವೊಂದುಂಟು: ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನ ಸೇವೆ ಒಂದು ವರ್ಷದ ನಿರಂತರ ಸೇವೆಯೆನಿಸುತ್ತದೆ, ಅಂಥವನನ್ನು ಕೆಲಸದಿಂದ ತೆಗೆಯಬೇಕಾದರೆ ತಿಂಗಳ ನೋಟೀಸು ಅಥವಾ ಅದರ ಪಗಾರ, ಮೇಲೆ ಪ್ರತಿಯೊಂದು ವರ್ಷದ ಸೇವೆಗೆ ಹದಿನೈದು ದಿನಗಳ ಪಗಾರ ಪರಿಹಾರವಾಗಿ ಕೊಡಬೇಕು. ಈಗ ಲೆಕ್ಕ ಹಾಕಿ. 365ರಲ್ಲಿ ಮೂರು ತಿಂಗಳ ಸೂಟಿ ಕಳೆದರೆ 275 ದಿನ. ಅದರೊಳಗಿನ 39 ಭಾನುವಾರಗಳನ್ನೂ ಕಳೆದರೆ 236. ನಾಲ್ಕೇ ದಿನ ಕಡಿಮೆ! ಪಗಾರ ಸಹಿತವಾದ ವಾರದ ರಜೆಗಳನ್ನು ದುಡಿದ ದಿನಗಳೊಡನೆ ಎಣಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಹೇಳಿದೆ. ಹಾಗೆ ಎಣಿಸಿದರೆ ಅಡಿಗೆಯವನು ಗೆದ್ದಂತೆಯೇ. ಆದರೆ ಅದನ್ನು ಅವನಿಗೆ ಹೇಳುವವರು ಯಾರು? ಹೇಳಬೇಕಾದ ಸಂಘ ಆಗ ಮದುವೆಯ ಊಟದಲ್ಲಿರುತ್ತದೆ.

ಸೂಟಿಯ ಈ ಸಂದು ಎಲ್ಲ ಕಡೆಯೂ ತಾನಾಗಿ ಬಿದ್ದದ್ದಲ್ಲ. ಹರಿಯಾಣದಲ್ಲಿ ತಾತ್ಕಾಲಿಕ ಶಿಕ್ಷಕರನ್ನು ಬೇಸಿಗೆಗೆ ಮುಂಚೆ ಬಿಡಿಸಿ ಶಾಲೆ ತೆರೆದ ಮೇಲೆ ಮತ್ತೆ ನೇಮಿಸುವ ಪದ್ಧತಿ ವರ್ಷಾನುಗಟ್ಟಲೆ ನಡೆದಿತ್ತು. ರತನ್ ಲಾಲ್ ಎಂಬವರ ಮೊಕದ್ದಮೆಯಲ್ಲಿ, ಅದೇ 1985ರಲ್ಲಿ, ಸರ್ವೋಚ್ಚ ನ್ಯಾಯಾಲಯ ಆ ಪದ್ಧತಿಯನ್ನು ಕಟುವಾಗಿ ಖಂಡಿಸಿ, ಬೇಸಿಗೆಯ ರಜೆಗೂ ಪಗಾರ ಕೊಡಬೇಕೆಂದು ಆಜ್ಞಾಪಿಸಿತು.

ಕಾನೂನಿನ ಇನ್ನೊಂದು ವಿಚಿತ್ರವನ್ನೂ ಇಲ್ಲಿಯೇ ಹೇಳಬೇಕು. ದಿಲ್ಲಿ ವಿಶ್ವವಿದ್ಯಾಲಯವು ವಿದ್ಯಾರ್ಥಿನಿಯರ ಬಸ್ಸನ್ನು ನಿಲ್ಲಿಸಿ ಚಾಲಕ ರಾಮನಾಥನನ್ನು ಮನೆಗೆ ಕಳಿಸಿದಾಗ, ಶಿಕ್ಷಣವು ಉದ್ಯಮವಲ್ಲವೆಂಬ ಕಾರಣದಿಂದ 1963ರಲ್ಲಿ ಅವನಿಗೆ ಪರಿಹಾರ ದೊರೆಯಲಿಲ್ಲ. ಹದಿನೈದು ವರ್ಷಗಳ ಮೇಲೆ, 1978ರಲ್ಲಿ, ಬೆಂಗಳೂರಿನ ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ಆ ಮಾತನ್ನು ಅಳಿಸಿತು. ಚಾಲಕ, ಮಾಲಿ, ಗುಮಾಸ್ತರು ಕಾರ್ಮಿಕರಾದರು. ಆದರೆ ಖಾನಾಪುರದಾಚೆ ಘಟ್ಟವಿಳಿದರೆ ಸಿಗುವ ಗೋವೆಯ ಶಾಲೆಯೊಂದರ ಶಿಕ್ಷಕಿ ತನ್ನ ಕೆಲಸಕ್ಕಾಗಿ ನ್ಯಾಯ ಬೇಡಿದಾಗ, ಕಲಿಸುವವರು ಕಾರ್ಮಿಕರಲ್ಲವೆಂದು 1988ರಲ್ಲಿ ತೀರ್ಪಾಯಿತು. ಹೀಗೆ ಒಂದೇ ಆವರಣದಲ್ಲಿ ಕಸಗುಡಿಸುವ ಹೆಂಗಸಿಗೆ 240 ದಿನಗಳ ಆಸರೆಯುಂಟು, ಪಾಠ ಹೇಳುವ ಅತಿಥಿ ಉಪನ್ಯಾಸಕಿಗೆ ಅದಿಲ್ಲ. ಇವರಿಬ್ಬರೂ ಬೇರೆ ಬೇರೆ ಮೊಳೆಗೆ ತಮ್ಮ ಅಹವಾಲುಗಳನ್ನು ತೂಗುಹಾಕಿ ಕುಳಿತರೆ ಇಬ್ಬರಿಗೂ ಕೇಡು.

ಅತಿಥಿ ಉಪನ್ಯಾಸಕರು ನ್ಯಾಯಾಲಯದಲ್ಲಿ ಸಿಗದದ್ದನ್ನು ಬೀದಿಯಲ್ಲಿ ಗಳಿಸಿದ್ದಾರೆ. 2021ರ ಡಿಸೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತಿದ್ದಾಗ, ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅವರು ಪಾಠಗಳನ್ನು ಬಹಿಷ್ಕರಿಸಿದರು. ತಿಂಗಳಿಗೆ 11,000ದಿಂದ 13,000 ರೂಪಾಯಿಗಳಿದ್ದ ಗೌರವಧನ ಮುಂದಿನ ಜನವರಿಯಲ್ಲಿ 26,000ದಿಂದ 32,000ದವರೆಗೆ ಏರಿತು; ಜೊತೆಯಲ್ಲಿ ವಾರದ ಪಾಠಗಳೂ ಹದಿನೈದು ಗಂಟೆಗೆ ಏರಿದವು. ಮತ್ತೆ 2023ರ ನವೆಂಬರಿನಿಂದ ಬಹಿಷ್ಕಾರ. 2024ರ ಹೊಸವರ್ಷದ ದಿನ ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆ. ಆಗ ಸೇವೆಯ ವರ್ಷಗಳನ್ನು ನೋಡಿ 5,000ದಿಂದ 8,000 ರೂಪಾಯಿಗಳ ಹೆಚ್ಚಳವೂ, ಅರವತ್ತು ತುಂಬಿದವರಿಗೆ ಐದು ಲಕ್ಷದ ಇಡುಗಂಟೂ ಒಪ್ಪಿಗೆಯಾದವು. ಕೆಲಸ ಖಾಯಮಾಗಬೇಕೆಂಬ ಮೊದಲನೆಯ ಬೇಡಿಕೆ ಮಾತ್ರ ಉಳಿಯಿತು. ಹೋರಾಟಗಳೆರಡೂ ಚಳಿಗಾಲದವು ಎಂಬುದನ್ನು ಗಮನಿಸಬೇಕು. ಪಾಠ ನಿಲ್ಲಿಸಿದರೆ ಪಾಠವಿರುವ ಕಾಲದಲ್ಲಿ ನಿಲ್ಲಿಸಬೇಕು, ನಿಜ. ಆದರೆ "ಸೇವೆಯ ವರ್ಷಗಳನ್ನು ನೋಡಿ" ಎಂಬಲ್ಲಿಗೆ ಬಂದಾಗ ಕೇಳುವುದು ಘೋಷಣೆಯನ್ನಲ್ಲ, ಕಾಗದವನ್ನು.

ಕಾಗದದ ಬೆಲೆಯನ್ನು ನೆರೆಯ ಧಾರವಾಡ ಚೆನ್ನಾಗಿ ಬಲ್ಲದು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1990ರ ತೀರ್ಪಿನಿಂದ, 1989ರ ಕೊನೆಗೆ ಹತ್ತು ವರ್ಷ ಸೇವೆ ಮುಗಿಸಿದ್ದ ರಾಜ್ಯದ 18,600 ನೌಕರರಿಗೆ ಖಾಯಂ ಆಗುವ ದಾರಿ ತೆರೆಯಿತು. 2006ರಲ್ಲಿ, ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರು ಕಕ್ಷಿಗಾರರಾಗಿದ್ದ ಉಮಾದೇವಿ ಮೊಕದ್ದಮೆಯಲ್ಲಿ, ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಆ ತೀರ್ಪನ್ನು ದೀರ್ಘಕಾಲ ದುಡಿದವರನ್ನು ಶೋಷಿಸುವ ಆಯುಧವಾಗಿ ಬಳಸಕೂಡದೆಂದು 2024ರ ಡಿಸೆಂಬರಿನಲ್ಲಿ ಜಗ್ಗೋ ಎಂಬ ಸಫಾಯಿ ಕೆಲಸದವರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ನುಡಿದಿದೆ. ಬಾಗಿಲು ತೆರೆದಾಗಲೂ ಮುಚ್ಚಿದಾಗಲೂ ಹೊಸ್ತಿಲಲ್ಲಿ ಕೇಳಿದ ಪ್ರಶ್ನೆ ಒಂದೇ: ಎಷ್ಟು ವರ್ಷ ದುಡಿದೆ, ಅದಕ್ಕೆ ಆಧಾರವೇನು?

ಆಧಾರವನ್ನು ಕೂಡಿಸುವ ಕಾಲ ಬೇಸಿಗೆಯೇ. ಕೂಡಿಸುವ ಸ್ಥಳ ಬೆಳಗಾವಿಗಿಂತ ಖಾನಾಪುರವೇ ಮೇಲು. ನಗರದಿಂದ ಸುಮಾರು 26 ಕಿಲೋಮೀಟರು. ದೇಸೂರು, ಇದಲಹೊಂಡ ದಾಟಿದರೆ ರೈಲು ಅಲ್ಲಿ ನಿಲ್ಲುತ್ತದೆ. ಸೂಟಿಗೆ ಊರು ಸೇರಿದ ನೌಕರನ ಹಳೆಯ ನೇಮಕದ ಆದೇಶ ಇರುವುದು ಊರಿನ ಮನೆಯ ಟ್ರಂಕಿನಲ್ಲಿ. ಏಪ್ರಿಲ್-ಮೇಗಳಲ್ಲಿ ಗೋಡಂಬಿ, ಹಲಸಿನ ಗಡಿಬಿಡಿಯಿದ್ದರೂ ದಾರಿಗಳು ಒಣಗಿರುತ್ತವೆ. ಮಿರಗದ ಮಳೆ ಹಿಡಿದ ಮೇಲೆ ಆ ತಾಲೂಕು ಬೇರೆಯೇ ಲೋಕ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆಗೆ ಬಿಡುವೆಂಬುದಿಲ್ಲ. ಭೀಮಗಡದ ಕಾಡಿನೊಳಗಿನ ಆಮಗಾಂವದಂಥ ಹಳ್ಳಿಗೆ ಹಳ್ಳಗಳು ತುಂಬಿ ದಾರಿ ಕಡಿಯುತ್ತದೆ. ಆಗ ಸಭೆಗೆ ಬನ್ನಿರೆಂದರೆ ಯಾರು ಬಂದಾರು? ಕರೆಯೋಲೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇರಬೇಕೆಂದು ಅಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಗಡಿಯ ವಾದವನ್ನು ಚಪ್ಪಲಿಯೊಡನೆ ಹೊರಗೆ ಬಿಟ್ಟು ಬಂದರೆ ಕೆಲಸ ಬೇಗ ಮುಗಿಯುತ್ತದೆ.

ಕೆಲಸವಾದರೂ ದೊಡ್ಡದೇನಲ್ಲ. ಒಬ್ಬೊಬ್ಬ ಸದಸ್ಯನ ಹೆಸರು, ಮೊದಲು ಸೇರಿದ ದಿನ, ಪ್ರತಿಯೊಂದು ಆದೇಶದ ನಕಲು, ಬ್ಯಾಂಕಿನ ಪುಸ್ತಕದಲ್ಲಿ ಪಗಾರ ಜಮೆಯಾದ ತಿಂಗಳುಗಳು, ಗುತ್ತಿಗೆದಾರನು ಭವಿಷ್ಯನಿಧಿಗೆ ಕಟ್ಟಿದ್ದಾನೋ ಮುರಿದುಕೊಂಡು ಸುಮ್ಮನಿದ್ದಾನೋ ಎಂಬ ವಿವರ. ಏಳು ಮಂದಿ ಕೂಡಿದರೆ ಸಂಘದ ನೋಂದಣಿಗೆ ಅರ್ಜಿ ಹಾಕಬಹುದೆಂದು 1926ರ ಕಾಯಿದೆ ಹೇಳಿತ್ತು. (1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಅಧ್ಯಾಪಕರೂ ಏಳೇ ಮಂದಿ.) ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ, ಹಾಜರಿಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇಕಡಾ 51 ಮಂದಿಯ ಬೆಂಬಲವುಳ್ಳ ಸಂಘವು ಮಾತುಕತೆಯ ಏಕೈಕ ಸಂಘವೆನಿಸುತ್ತದೆಂಬುದು ಅದರ ನಿಯಮ. ಬೇಸಿಗೆಯಲ್ಲಿ ಹಾಜರಿಪಟ್ಟಿಯಿಂದ ಉದುರಿದ ಹೆಸರು ಎಣಿಕೆಯಿಂದಲೂ ಉದುರುತ್ತದೆ. ಅಡಿಗೆಯವನ ಹೆಸರು ಯಾವ ದಿನದಿಂದ ಪಟ್ಟಿಯಲ್ಲಿಲ್ಲ, ಬರಬೇಡವೆಂದು ಹೇಳಿದವರು ಯಾರು, ಬರಹದಲ್ಲಿ ಹೇಳಿದರೋ ಬಾಯಿಮಾತಿನಲ್ಲೋ ಎಂಬುದನ್ನು ಅವನ ಮುಂದೆಯೇ ಬರೆದು, ಓದಿ ಹೇಳಿ, ಹೆಬ್ಬೆಟ್ಟೋ ಸಹಿಯೋ ಹಾಕಿಸಿ, ಎರಡು ಪ್ರತಿ ಮಾಡಿ, ಒಂದನ್ನು ಅವನ ಕೈಗೇ ಕೊಟ್ಟು ಖಾನಾಪುರದಿಂದ ಸಂಜೆಯ ಬಸ್ಸು ಹಿಡಿಯಬಹುದು.